ದಾನಪತ್ರದ ಒಂದು ಕರಾರು

ಮುಂಬಯಿಯ ವೈದ್ಯಕೀಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಡಗಳನ್ನೂ ದಾನಿಗಳನ್ನೂ ಎಣಿಸುತ್ತಾರೆ. ಆದರೆ ಚಿಕಿತ್ಸೆಯ ಕ್ಷೇತ್ರದಲ್ಲಿ ವರ್ಣಭೇದವು ಹೇಗೆ ಬೇರೂರಿತ್ತು, ಅದು ಹೇಗೆ ಸಡಿಲಿತು ಎಂಬುದನ್ನರಿಯಲು ಒಂದು ದಾನದ ಕರಾರನ್ನು ಪರಿಶೀಲಿಸುವುದು ಲೇಸು.

1845ರಲ್ಲಿ ಗ್ರ್ಯಾಂಟ್ ಮೆಡಿಕಲ್ ಕಾಲೇಜು ಸ್ಥಾಪಿತವಾಯಿತು. ಜಮಶೇಟಜಿ ಜೀಜೀಭಾಯಿಯವರ ಔದಾರ್ಯದಿಂದ ಅದರ ನೆರೆಯಲ್ಲಿಯೇ ಆಸ್ಪತ್ರೆಯೂ ಎದ್ದಿತು. ಭಾರತೀಯ ರೋಗಿಗೆ ಹಾಸಿಗೆಯೂ ಭಾರತೀಯ ವಿದ್ಯಾರ್ಥಿಗೆ ವಿದ್ಯೆಯೂ ದೊರೆತವು. ಅಧ್ಯಾಪಕನ ಪೀಠ ಮಾತ್ರ ಬಹುಮಟ್ಟಿಗೆ ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬ ಸರಕಾರೀ ವೈದ್ಯವರ್ಗದ ಕೈಯಲ್ಲುಳಿಯಿತು. 1855ರಿಂದ ಆ ಸೇವೆಯ ಬಾಗಿಲು ಭಾರತೀಯರಿಗೂ ತೆರೆದಿತ್ತು, ನಿಜ; ಆದರೆ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಕಾಗದದ ಮೇಲಿನ ಸಮಾನತೆಯನ್ನು ಹಡಗಿನ ವೆಚ್ಚವೇ ರದ್ದುಗೊಳಿಸುತ್ತಿತ್ತು. ಯುರೋಪಿಯನ್ ರೋಗಿಗಳಿಗಾದರೋ ಬೇರೆ ಆಸ್ಪತ್ರೆಯೇ ಇತ್ತು. ಇಂದಿನ ಸೇಂಟ್ ಜಾರ್ಜ್ ಆಸ್ಪತ್ರೆ ಅದರ ಮುಂದುವರಿಕೆ.

ಈ ಅಂತರದ ಬೆಲೆಯನ್ನು ನಗರವು ಪ್ಲೇಗಿನ ಕಾಲದಲ್ಲಿ ತೆತ್ತಿತು. 1896ರಲ್ಲಿ ಮಾಂಡವಿಯಲ್ಲಿ ರೋಗವನ್ನು ಗುರುತಿಸಿದವರು ಗೋವೆಯ ಮೂಲದ ಡಾ. ಅಕಾಸಿಯೊ ವಿಯೇಗಸ್. ಆದರೆ ನಿವಾರಣೆಯ ಕ್ರಮಗಳನ್ನು ನಿರ್ಧರಿಸಿದವರು ಪರಕೀಯ ಅಧಿಕಾರಿಗಳು. ಮನೆಗಳ ಶೋಧನೆ, ರೋಗಿಗಳ ಬಲವಂತದ ಸಾಗಣೆ ಇವುಗಳಿಂದ ಬೆದರಿದ ಜನರು ರೋಗಿಗಳನ್ನು ಅಡಗಿಸಿಟ್ಟರು. ಸಾವಿರಾರು ಮಂದಿ ಊರನ್ನೇ ಬಿಟ್ಟರು. ಬೇರೆ ಬೇರೆ ಸಮುದಾಯಗಳು ತಮ್ಮವೇ ಪ್ಲೇಗು ಆಸ್ಪತ್ರೆಗಳನ್ನು ತೆರೆದವು. ನಂಬಿಕೆಯಿಲ್ಲದೆಡೆ ಔಷಧವಿದ್ದೂ ಚಿಕಿತ್ಸೆಯಿಲ್ಲವೆಂಬುದು ಆಗ ಸ್ಪಷ್ಟವಾಯಿತು.

ಮುಂದೆ ಪರಳಿನಲ್ಲಿ ನಗರಪಾಲಿಕೆಯು ಆಸ್ಪತ್ರೆಯನ್ನೂ ವೈದ್ಯಕೀಯ ಕಾಲೇಜನ್ನೂ ಕಟ್ಟಲು ಹೊರಟಾಗ, ಸೇಠ ಗೋರ್ಧನದಾಸ ಸುಂದರದಾಸರ ದತ್ತಿಯ ವಿಶ್ವಸ್ತರು ಧನವನ್ನು ನೀಡಲೊಪ್ಪಿದರು. ಜೊತೆಗೆ ಒಂದು ಕರಾರನ್ನೂ ಮುಂದಿಟ್ಟರು. ಅಲ್ಲಿಯ ಅಧ್ಯಾಪಕರೂ ವೈದ್ಯರೂ ಸರಕಾರೀ ಸೇವೆಯಲ್ಲಿಲ್ಲದ ಅರ್ಹ ಭಾರತೀಯರೇ ಆಗಿರಬೇಕು! 1926ರಲ್ಲಿ ಆಸ್ಪತ್ರೆ ಪೂರ್ಣವಾಗಿ ಕಾರ್ಯಪ್ರವೃತ್ತವಾಯಿತು. ಅದರ ಮೊದಲ ಡೀನರಾದ ಡಾ. ಜೀವರಾಜ ಮೆಹತಾ 1960ರಲ್ಲಿ ಗುಜರಾತದ ಪ್ರಥಮ ಮುಖ್ಯಮಂತ್ರಿಗಳಾದರು. ಭಾರತೀಯರಿಗಾಗಿಯೇ ಪೀಠಗಳನ್ನು ಕಾದಿರಿಸಿದ ಆ ಆಸ್ಪತ್ರೆಗೆ ಆಂಗ್ಲ ದೊರೆ ಏಳನೆಯ ಎಡ್ವರ್ಡನ ಹೆಸರಿದ್ದುದು ಇತಿಹಾಸದ ವಿನೋದ.

ಹೊರಗಿಟ್ಟವರನ್ನು ಹೊರಗಿಡುವ ಈ ನಿಯಮವು ನ್ಯಾಯವೇ ಎಂದು ಕೇಳಬಹುದು. ಯೋಗ್ಯತೆಯೊಂದನ್ನೇ ಅಳೆಯುವ ತಕ್ಕಡಿ ಅಂದು ಇದ್ದಿದ್ದರೆ ಇಂಥ ಕರಾರು ಬೇಕಾಗುತ್ತಿರಲಿಲ್ಲ ಎಂಬುದೇ ಅದಕ್ಕೆ ಉತ್ತರ. ಇದರಿಂದ ಜಾತಿಯ ಅಂತರವಾಗಲಿ ಬಡತನದ ಅಂತರವಾಗಲಿ ಅಳಿಯಲಿಲ್ಲ. ಆ ಲೆಕ್ಕ ಇನ್ನೂ ತೀರಿಲ್ಲ. ಆದರೆ ಆರೋಗ್ಯದ ಸಮಾನತೆಯನ್ನು ಹಾಸಿಗೆಗಳ ಸಂಖ್ಯೆಯಿಂದಷ್ಟೇ ಅಳೆಯಲಾಗದು, ರೋಗಿಯ ನಾಡಿಯನ್ನು ಹಿಡಿಯುವ ಕೈ ಯಾರದೆಂಬುದನ್ನೂ ಗಣಿಸಬೇಕು ಎಂಬ ಅರಿವು ಆ ಕರಾರಿನಲ್ಲಿ ಅಡಗಿತ್ತು.