ಕ್ಷಯದ ಮೆನಿಂಜೈಟಿಸ್‌ ಮತ್ತು ಎಚ್‌ಐವಿ ಸಹಸೋಂಕು: ವಿಯೆಟ್ನಾಂ ಅಧ್ಯಯನಗಳ ಒಂದು ಪರಾಮರ್ಶೆ

ಸಾರಾಂಶ

ಕ್ಷಯದ ಮೆನಿಂಜೈಟಿಸ್‌ ತಗುಲಿ ಆಸ್ಪತ್ರೆ ಸೇರಿದವರಲ್ಲಿ ಎಚ್‌ಐವಿ ಸೋಂಕು ನರಸಂಬಂಧಿ ಲಕ್ಷಣಗಳನ್ನು ಅಷ್ಟಾಗಿ ಬದಲಿಸುವುದಿಲ್ಲ. ಸಾವಿನ ಪ್ರಮಾಣವನ್ನು ಮಾತ್ರ ಬಹಳ ಏರಿಸುತ್ತದೆ. ಎಚ್‌ಐವಿ ಇಲ್ಲದವರಲ್ಲಿ ಫಲ ಕೊಟ್ಟ ಚಿಕಿತ್ಸೆ ಸೋಂಕಿತರಲ್ಲೂ ಫಲಿಸುತ್ತದೆಂದು ಪರೀಕ್ಷಿಸದೆ ಒಪ್ಪುವಂತಿಲ್ಲ ಎಂಬುದು ಈ ಲೇಖನದ ವಾದ.

ಪೀಠಿಕೆ

ಕ್ಷಯಾಣು ರಕ್ತದ ಮೂಲಕ ಮಿದುಳನ್ನು ತಲುಪಿ ಸಣ್ಣ ಗಂಟುಗಳಾಗಿ ನೆಲೆಸುತ್ತದೆ. ಅಂಥ ಗಂಟು ಒಡೆದು ಅಣುಜೀವಿಗಳು ಮಿದುಳುಬಳ್ಳಿಯ ದ್ರವಕ್ಕೆ ಸೇರಿದಾಗ ಮಿದುಳಿನ ಪೊರೆಗಳ ಉರಿಯೂತ, ಎಂದರೆ ಮೆನಿಂಜೈಟಿಸ್, ಮೊದಲಾಗುತ್ತದೆಂದು 1933ರಲ್ಲಿ ರಿಚ್ ಮತ್ತು ಮೆಕಾರ್ಡಕ್ ವಿವರಿಸಿದರು. ಮಿದುಳಿನ ತಳದಲ್ಲಿ ಶೇಖರವಾಗುವ ದಪ್ಪ ಸ್ರಾವವು ಕಪಾಲನರಗಳನ್ನು ಬಾಧಿಸುತ್ತದೆ, ದ್ರವದ ಹರಿವನ್ನು ತಡೆದು ಜಲಶೀರ್ಷ ಉಂಟುಮಾಡುತ್ತದೆ. ರಕ್ತನಾಳಗಳೂ ಉರಿಯೂತಕ್ಕೆ ಸಿಲುಕಿ ಪಾರ್ಶ್ವವಾಯು ಬಡಿಯಬಹುದು. ಹೀಗೆ ಹಾನಿಗೆ ಅಣುಜೀವಿಯಷ್ಟೇ ದೇಹದ ಪ್ರತಿಕ್ರಿಯೆಯೂ ಕಾರಣ. ಆ ಪ್ರತಿಕ್ರಿಯೆಯನ್ನೇ ಎಚ್‌ಐವಿ ಕೆಡಿಸುವುದರಿಂದ ಸೋಂಕು ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಬೇಕಾಗುತ್ತದೆ.

ಲಕ್ಷಣ ಮತ್ತು ಫಲಿತಾಂಶ

ಹೋ ಚಿ ಮಿನ್ ನಗರದ ಆಸ್ಪತ್ರೆಗಳಲ್ಲಿ ಥ್ವೈಟ್ಸ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 528 ವಯಸ್ಕರಿದ್ದರು. ಅವರಲ್ಲಿ 96 ಮಂದಿಗೆ ಎಚ್‌ಐವಿ ಇತ್ತು. ನರಸಂಬಂಧಿ ಲಕ್ಷಣಗಳಲ್ಲಿ ಗಣನೀಯ ಅಂತರ ಕಂಡುಬರಲಿಲ್ಲ. ಎಚ್‌ಐವಿ ಇದ್ದವರಲ್ಲಿ ದೇಹದ ಇತರ ಅಂಗಗಳಲ್ಲೂ ಕ್ಷಯ ಹೆಚ್ಚಾಗಿತ್ತು. ಆದರೆ ಒಂಬತ್ತು ತಿಂಗಳಲ್ಲಿ ಅವರಲ್ಲಿ ಶೇ. 64.6 ಮಂದಿ ತೀರಿಕೊಂಡರು. ಎಚ್‌ಐವಿ ಇಲ್ಲದವರಲ್ಲಿ ಈ ಪ್ರಮಾಣ ಶೇ. 28.2. ರೋಗಿಯನ್ನು ನೋಡಿದಷ್ಟರಿಂದಲೇ ಅಪಾಯದ ಮಟ್ಟವನ್ನು ಅಳೆಯಲಾಗದು ಎಂಬುದಕ್ಕೆ ಇಷ್ಟು ಸಾಕು.

ರೋಗನಿರ್ಣಯ

ವಾರಗಟ್ಟಲೆ ಕಾಡುವ ಜ್ವರ, ತಲೆನೋವು, ವಾಂತಿ; ಮಿದುಳುಬಳ್ಳಿಯ ದ್ರವದಲ್ಲಿ ಲಿಂಫೊಸೈಟುಗಳ ಮತ್ತು ಪ್ರೋಟೀನಿನ ಏರಿಕೆ, ಗ್ಲೂಕೋಸಿನ ಇಳಿಕೆ: ಇದು ಸಾಮಾನ್ಯ ಚಿತ್ರ. ಎಚ್‌ಐವಿ ಇದ್ದವರಲ್ಲಿ ಕ್ರಿಪ್ಟೋಕಾಕಸ್ ಶಿಲೀಂಧ್ರದ ಮೆನಿಂಜೈಟಿಸ್ ಕೂಡ ಹೀಗೆಯೇ ಕಾಣಿಸಬಹುದಾದ್ದರಿಂದ ಅದರ ಪರೀಕ್ಷೆಯನ್ನೂ ಜೊತೆಗೇ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕ್ಷಯಾಣುವಿನ ಡಿಎನ್‌ಎ ಹುಡುಕುವ ಎಕ್ಸ್‌ಪರ್ಟ್ ಅಲ್ಟ್ರಾ ಪರೀಕ್ಷೆಯನ್ನು ಮೊದಲ ಪರೀಕ್ಷೆಯಾಗಿ ಶಿಫಾರಸು ಮಾಡಿತು. ಆದರೂ ಅದರಲ್ಲಿ ಕ್ಷಯಾಣು ಪತ್ತೆಯಾಗದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಬಲವಾದ ಅನುಮಾನವಿದ್ದರೆ ಔಷಧಿಯನ್ನು ತಡಮಾಡಬಾರದು.

ಚಿಕಿತ್ಸೆಯ ಪ್ರಶ್ನೆ

ಥ್ವೈಟ್ಸ್ ತಂಡದ 2004ರ ಪ್ರಯೋಗದಲ್ಲಿ 545 ರೋಗಿಗಳಿದ್ದರು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಆದ ಡೆಕ್ಸಾಮೆಥಸೋನ್ ಪಡೆದವರಲ್ಲಿ ಸಾವಿನ ಪ್ರಮಾಣ ಶೇ. 31.8, ಪಡೆಯದವರಲ್ಲಿ ಶೇ. 41.3. ಒಟ್ಟು ರೋಗಿಗಳಲ್ಲಿ ಎಚ್‌ಐವಿ ಇದ್ದವರು 98 ಮಂದಿ ಮಾತ್ರ. ಅಷ್ಟು ಚಿಕ್ಕ ಗುಂಪಿನಿಂದ ಖಚಿತ ತೀರ್ಮಾನಕ್ಕೆ ಬರಲಾಗಲಿಲ್ಲ. ಆದರೂ ಸೋಂಕಿತರಿಗೂ ಸ್ಟೀರಾಯ್ಡ್ ಕೊಡುವುದು ರೂಢಿಯಾಯಿತು. ವಿಯೆಟ್ನಾಂ ಮತ್ತು ಇಂಡೋನೇಷ್ಯಾಗಳಲ್ಲಿ ಎಚ್‌ಐವಿ ಇದ್ದ 520 ವಯಸ್ಕರನ್ನು ಒಳಗೊಂಡ ಪ್ರಯೋಗದ ಫಲಿತಾಂಶ ಹೊರಬಂದದ್ದು 2023ರಲ್ಲಿ. ಹನ್ನೆರಡು ತಿಂಗಳಲ್ಲಿ ಡೆಕ್ಸಾಮೆಥಸೋನ್ ಗುಂಪಿನ ಶೇ. 44.1, ಹುಸಿಮದ್ದಿನ ಗುಂಪಿನ ಶೇ. 49.0 ರೋಗಿಗಳು ಮೃತಪಟ್ಟಿದ್ದರು. ಈ ಅಂತರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ. ಎಂದರೆ, ಪ್ರಯೋಜನ ಸಾಬೀತಾಗಲಿಲ್ಲ. ಸಣ್ಣ ಪ್ರಯೋಜನ ಇರಬಹುದೆಂಬುದನ್ನು ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ.

ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿಗಳ ಚಿಕಿತ್ಸೆಯನ್ನು (ಎಆರ್‌ಟಿ) ಯಾವಾಗ ಆರಂಭಿಸಬೇಕೆಂಬ ಪ್ರಶ್ನೆಗೂ ವಿಯೆಟ್ನಾಮೇ ಉತ್ತರ ಹುಡುಕಿತು. 253 ರೋಗಿಗಳ ಮೇಲಿನ 2011ರ ಅಧ್ಯಯನದಲ್ಲಿ ತಕ್ಷಣ ಆರಂಭಿಸಿದವರೂ ಎರಡು ತಿಂಗಳು ಕಾದವರೂ ಬದುಕುಳಿದ ಪ್ರಮಾಣ ಹೆಚ್ಚುಕಡಿಮೆ ಒಂದೇ. ತೀವ್ರ ಪ್ರತಿಕೂಲ ಪರಿಣಾಮಗಳು ಮೊದಲ ಗುಂಪಿನಲ್ಲಿ ಹೆಚ್ಚು. ಮೆನಿಂಜೈಟಿಸ್ ಇದ್ದವರಲ್ಲಿ ಎಆರ್‌ಟಿಯನ್ನು ಕೆಲವು ವಾರ ಮುಂದೂಡುವ ಈಗಿನ ಸಲಹೆಗೆ ಇದು ಮುಖ್ಯ ಆಧಾರ.

ಉಪಸಂಹಾರ

ಇಷ್ಟೆಲ್ಲ ಪ್ರಯೋಗಗಳಾದರೂ ಸಹಸೋಂಕಿತರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಾಯುತ್ತಿದ್ದಾರೆ. ಇದನ್ನು ವೈದ್ಯಲೋಕ ಸಹಜವೆಂದು ಒಪ್ಪಿಕೊಳ್ಳಬಾರದು. ಕ್ಷಯದ ಹೊರೆ ಜಗತ್ತಿನಲ್ಲೇ ಹೆಚ್ಚಿರುವ ಭಾರತಕ್ಕೂ ಈ ಅಧ್ಯಯನಗಳ ಪಾಠ ಅನ್ವಯಿಸುತ್ತದೆ. ಮೆನಿಂಜೈಟಿಸ್ ಅನುಮಾನವಿರುವ ಪ್ರತಿಯೊಬ್ಬರಿಗೂ ದಾಖಲಾದ ದಿನವೇ ಎಚ್‌ಐವಿ ಪರೀಕ್ಷೆ ಆಗಬೇಕು. ಪ್ರಜ್ಞೆ ಕುಂದುವ ಮೊದಲೇ ಕ್ಷಯದ ಔಷಧಿ ಆರಂಭವಾಗಬೇಕು. ಮುಂದಿನ ಪ್ರಯೋಗಗಳು ಎಚ್‌ಐವಿ ಇದ್ದವರನ್ನು ಉಪಗುಂಪಾಗಿ ಉಳಿಸದೆ, ಅವರದೇ ಪ್ರಶ್ನೆಗಳಿಗೆ ಉತ್ತರಿಸುವಷ್ಟು ದೊಡ್ಡ ಸಂಖ್ಯೆಯಲ್ಲಿ ಒಳಗೊಳ್ಳಬೇಕು.