ಗ್ರಾಹಕ ಸೇವಾ ಉದ್ಯೋಗದ ಸ್ವವಿವರ

ಗ್ರಾಹಕ ಸೇವಾ ಉದ್ಯೋಗದ ಸ್ವವಿವರವು ಕಾಲ್ ಸೆಂಟರ್, ಬ್ಯಾಂಕು, ಮಳಿಗೆ ಮುಂತಾದೆಡೆ ಗ್ರಾಹಕರೊಡನೆ ವ್ಯವಹರಿಸುವ ಹುದ್ದೆಗೆ ಅಭ್ಯರ್ಥಿಯು ಸಲ್ಲಿಸುವ ಒಂದೆರಡು ಪುಟಗಳ ಬರಹ. ಭಾರತದಲ್ಲಿ ಇದರೊಳಗೆ ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿಗಳನ್ನೂ ಬರೆಯುವ ರೂಢಿಯಿದೆ. ಇವು ಕೆಲಸದ ಸಾಮರ್ಥ್ಯವನ್ನೇನೂ ತಿಳಿಸುವುದಿಲ್ಲ. ಆಧಾರ್ ಸಂಖ್ಯೆಯನ್ನಂತೂ ನಮೂದಿಸಬಾರದು.

ಈ ಉದ್ಯೋಗದಲ್ಲಿ ಭಾಷೆಯೇ ಬಂಡವಾಳ. ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ ಬಲ್ಲವರಿಗೆಂದೇ ಹುದ್ದೆಗಳಿವೆ. ಆದರೂ ಕನ್ನಡ ಮಾಧ್ಯಮದಲ್ಲಿ ಓದಿದ ಹಲವರು ಇಂಗ್ಲಿಷಿನ ಅಳುಕಿನಿಂದ ತಾವು ಬಲ್ಲ ಭಾಷೆಗಳನ್ನು ಕೊನೆಯ ಸಾಲಿಗೆ ತಳ್ಳುತ್ತಾರೆ. ಅವು ಆರಂಭದಲ್ಲೇ ಇರಬೇಕು. ಬಾರದ ಭಾಷೆಯನ್ನು ಸೇರಿಸುವುದು ಅಪಾಯಕರ, ಸಂದರ್ಶನದಲ್ಲಿ ಆ ಭಾಷೆಯಲ್ಲೇ ಮಾತನಾಡಿಸುವುದುಂಟು. ಅನುಭವದ ವಿಷಯದಲ್ಲಿ ‘ಉತ್ತಮ ಸಂವಹನ ಕೌಶಲ’ ಎಂಬ ಸವೆದ ಮಾತಿಗಿಂತ ‘ಔಷಧದಂಗಡಿಯಲ್ಲಿ 2 ವರ್ಷ ಬಿಲ್ಲು ಬರೆದು, ಗ್ರಾಹಕರ ದೂರುಗಳನ್ನು ಪರಿಹರಿಸಿದ್ದೇನೆ’ ಎಂಬ ವಾಕ್ಯ ಮೇಲು.