ಚಳಿಗಾಲದ ಮೊಟ್ಟೆ ಮತ್ತು ಸೂರ್ಯನ ಲೆಕ್ಕ

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಅಜ್ಜಿ, ಊರವರ ಮೇಲೆ ಮುನಿಸಿಕೊಂಡು ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ ಕತೆ ನಮಗೆಲ್ಲ ಗೊತ್ತಿರುವುದೇ. ಅಜ್ಜಿಯ ಹುಂಜ ಇಲ್ಲದೆಯೂ ಊರಿಗೆ ಬೆಳಗಾಯಿತು. ಹಾಗೆಂದು ಕೋಳಿಗೂ ಬೆಳಕಿಗೂ ನಂಟೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ನಂಟು ಬಹಳ ಗಾಢವಾದದ್ದೇ. ಅದರ ದಿಕ್ಕು ಮಾತ್ರ ಅಜ್ಜಿ ಎಣಿಸಿದ್ದಕ್ಕೆ ತಿರುವುಮುರುವು. ಹೇಂಟೆ ಮೊಟ್ಟೆ ಇಡಬೇಕೇ ಬೇಡವೇ ಎಂಬುದನ್ನು ಹಗಲಿನ ಉದ್ದ ನಿರ್ಧರಿಸುತ್ತದೆ.

ಇಂದು ಮೊಟ್ಟೆಗೆ ಋತುಮಾನವೊಂದಿತ್ತು ಎಂದರೆ ನಂಬುವುದು ಕಷ್ಟ. ಬೆಂಗಳೂರಿನ ಅಂಗಡಿಗಳಲ್ಲಿ ಡಿಸೆಂಬರಿನಲ್ಲಿ ಮೊಟ್ಟೆಯ ಬೆಲೆ ಏರುತ್ತದೆ, ನಿಜ. ಅದಕ್ಕೆ ಮುಖ್ಯ ಕಾರಣ ಚಳಿಯಲ್ಲಿ ಜನ ಹೆಚ್ಚು ಮೊಟ್ಟೆ ತಿನ್ನುವುದು. ನೂರೈವತ್ತು ವರ್ಷಗಳ ಹಿಂದಿನ ಯೂರೋಪು, ಅಮೆರಿಕಗಳಲ್ಲಿಯೂ ಡಿಸೆಂಬರಿನಲ್ಲಿ ಮೊಟ್ಟೆ ತುಟ್ಟಿಯಾಗುತ್ತಿತ್ತು. ಆದರೆ ಅಲ್ಲಿ ಕಾರಣ ಬೇರೆ. ಆ ತಿಂಗಳುಗಳಲ್ಲಿ ಹಿತ್ತಲ ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿಬಿಡುತ್ತಿದ್ದವು.

ನಮ್ಮಲ್ಲಿ ಈ ಸಂಗತಿ ಅಷ್ಟಾಗಿ ಕಣ್ಣಿಗೆ ಬೀಳದಿರುವುದಕ್ಕೆ ಭೂಗೋಳವೇ ಕಾರಣ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆಯಷ್ಟೇ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ ದಾಟಿದರೆ, ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ಸ್ಟಾಕ್‌ಹೋಮಿನಲ್ಲಿ ಅದು ಸುಮಾರು ಆರು ಗಂಟೆಗೆ ಇಳಿಯುತ್ತದೆ. ನಮ್ಮ ನಾಟಿ ಹೇಂಟೆ ಮೊಟ್ಟೆ ನಿಲ್ಲಿಸುವುದು ಬಹುಮಟ್ಟಿಗೆ ಕಾವಿಗೆ ಕೂತಾಗ, ಮರಿ ಮೇಯಿಸುವಾಗ ಅಥವಾ ಗರಿ ಉದುರಿಸುವಾಗ. ಉತ್ತರದ ನಾಡುಗಳ ಹೇಂಟೆಗೆ ಇವುಗಳ ಜೊತೆಗೆ ಸೂರ್ಯನೂ ರಜೆ ಕೊಡುತ್ತಾನೆ.

ರೋಮಿನ ಬರಹಗಾರ ಕಂಡದ್ದು

ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಕೃಷಿಯ ಬಗ್ಗೆ ದೊಡ್ಡ ಗ್ರಂಥ ಬರೆದ ರೋಮಿನ ಕೊಲುಮೆಲ್ಲ ಇದನ್ನು ಸ್ಪಷ್ಟವಾಗಿ ಗುರುತಿಸಿದ್ದ. ಚಳಿಗಾಲದ ಅತಿ ಚಿಕ್ಕ ಹಗಲು ಕಳೆದ ಮೇಲೆ ಕೋಳಿಗಳು ಮೊಟ್ಟೆಗೆ ತೊಡಗುತ್ತವೆ, ಬೆಚ್ಚನೆಯ ಸೀಮೆಗಳಲ್ಲಿ ಜನವರಿ ಆರಂಭದ ಹೊತ್ತಿಗೆ, ತಂಪು ಸೀಮೆಗಳಲ್ಲಿ ಅದೇ ತಿಂಗಳ ಮಧ್ಯದ ಬಳಿಕ ಎಂದು ಅವನು ಬರೆದಿದ್ದಾನೆ. ಮೊಟ್ಟೆ ಹೆಚ್ಚಲು ಅರೆಬೆಂದ ಬಾರ್ಲಿ ತಿನ್ನಿಸಬೇಕೆಂಬ ಸಲಹೆಯೂ ಅವನದೇ. ಜನವರಿ ಎಂದರೆ ಅಲ್ಲಿ ಇನ್ನೂ ಕೊರೆಯುವ ಚಳಿ. ಆದರೂ ಕೋಳಿ ಮೊಟ್ಟೆಗೆ ಸಜ್ಜಾಗುತ್ತದೆ. ಹಗಲು ಹಿಗ್ಗತೊಡಗಿರುವುದು ಅದಕ್ಕೆ ತಿಳಿಯುತ್ತದೆ.

ಕ್ರೈಸ್ತರ ಈಸ್ಟರ್ ಹಬ್ಬದಲ್ಲಿ ಬಣ್ಣದ ಮೊಟ್ಟೆಗೆ ಸಿಕ್ಕಿರುವ ಸ್ಥಾನಕ್ಕೂ ಈ ಲೆಕ್ಕಕ್ಕೂ ಸಂಬಂಧವಿದೆ. ಮಧ್ಯಯುಗದ ಯೂರೋಪಿನಲ್ಲಿ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತಕಾಲದಲ್ಲಿ ಮಾಂಸದಂತೆ ಮೊಟ್ಟೆಯೂ ನಿಷಿದ್ಧವಾಗಿತ್ತು. ಆದರೆ ಕೋಳಿಗಳಿಗೆ ಈ ವ್ರತ ತಿಳಿಯದು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹಗಲು ಬೆಳೆದಂತೆ ಅವು ಇಡುತ್ತಲೇ ಹೋಗುತ್ತಿದ್ದವು. ಹಬ್ಬದ ಹೊತ್ತಿಗೆ ಮನೆಮನೆಯಲ್ಲೂ ಬುಟ್ಟಿ ತುಂಬಿರುತ್ತಿತ್ತು. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1290ರಲ್ಲಿ ಈಸ್ಟರಿಗಾಗಿ 450 ಮೊಟ್ಟೆಗಳನ್ನು ಕೊಳ್ಳಲು 18 ಪೆನ್ಸ್ ವೆಚ್ಚ ಮಾಡಿದ್ದು ಅರಮನೆಯ ಲೆಕ್ಕಪತ್ರದಲ್ಲಿ ದಾಖಲಾಗಿದೆ. ಅವಕ್ಕೆ ಬಣ್ಣ ಬಳಿಸಿ, ಚಿನ್ನದ ರೇಕು ಹಚ್ಚಿಸಿ ಆತ ಪರಿವಾರದವರಿಗೆ ಹಂಚಿದ.

ಉಪವಾಸ ಬದಲಿಸಿದ ಹಕ್ಕಿ

ಕೋಳಿಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದು ಸಾಕುಪ್ರಾಣಿಯಾದದ್ದಕ್ಕೆ ಅತ್ಯಂತ ಹಳೆಯ ಖಚಿತ ಮೂಳೆಗಳ ಸಾಕ್ಷ್ಯ ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತಿದ್ದು, ಕ್ರಿ.ಪೂ. 1650ರಿಂದ 1250ರ ನಡುವಿನದೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕಾಡಿನಲ್ಲಿ ಈ ಹಕ್ಕಿ ವರ್ಷಕ್ಕೆ ಇಡುವುದು ಹತ್ತು ಹದಿನೈದರ ಆಸುಪಾಸು ಮೊಟ್ಟೆ, ಅದೂ ಋತು ನೋಡಿಕೊಂಡು. ಕಾವು ಮುಗಿಯಲು 21 ದಿನ ಬೇಕು. ಮರಿ ಹೊರಬರುವ ಹೊತ್ತಿಗೆ ಹುಳುಹುಪ್ಪಟೆ, ಕಾಳುಕಡ್ಡಿ ಹೇರಳವಾಗಿರಬೇಕು. ಚಳಿ, ಬಿಸಿಲುಗಳನ್ನು ನೆಚ್ಚಿಕೊಂಡರೆ ಮೋಸಹೋಗಬಹುದು. ಹಗಲಿನ ಉದ್ದ ಮಾತ್ರ ಯಾವ ವರ್ಷವೂ ಸುಳ್ಳು ಹೇಳುವುದಿಲ್ಲ.

ಈ ಹಕ್ಕಿ ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಡುವ ಇಂದಿನ ಹೇಂಟೆಯಾದದ್ದು ಹೇಗೆ? ಇದರ ಒಂದು ಸುಳಿವು 2010ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಲೀಫ್ ಆಂಡರ್ಸನ್ ತಂಡಕ್ಕೆ ಸಿಕ್ಕಿತು. ಥೈರಾಯಿಡ್ ಚಟುವಟಿಕೆಗೆ ಸಂಬಂಧಿಸಿದ ಒಂದು ವಂಶವಾಹಿಯ ವಿಶಿಷ್ಟ ರೂಪ ಬಹುತೇಕ ಎಲ್ಲ ಸಾಕುಕೋಳಿಗಳಲ್ಲೂ ಇರುವುದನ್ನು ಅವರು ಕಂಡರು. ಹಗಲಿನ ಉದ್ದವನ್ನು ಅರಿತು ಸಂತಾನಕ್ಕೆ ಸಜ್ಜಾಗುವ ದೇಹವ್ಯವಸ್ಥೆಯಲ್ಲಿ ಈ ವಂಶವಾಹಿಗೆ ಪ್ರಮುಖ ಪಾತ್ರವಿದೆ. ಋತುವಿನ ಬಿಗಿಹಿಡಿತವನ್ನು ಸಡಿಲಿಸಿದ್ದು ಈ ಬದಲಾವಣೆಯೇ ಇರಬಹುದೆಂದು ಅವರು ಊಹಿಸಿದರು.

2017ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ಇತಿಹಾಸದ ವಿದ್ಯಾರ್ಥಿಗಳನ್ನೂ ಬೆರಗುಗೊಳಿಸುವಂಥದು. ಯೂರೋಪಿನ ಉತ್ಖನನಗಳಲ್ಲಿ ಸಿಕ್ಕ ಹಳೆಯ ಕೋಳಿಮೂಳೆಗಳ ಡಿಎನ್‌ಎ ಪರೀಕ್ಷಿಸಿದಾಗ, ಈ ರೂಪ ವೇಗವಾಗಿ ಹಬ್ಬತೊಡಗಿದ್ದು ಸುಮಾರು ಒಂದು ಸಾವಿರ ವರ್ಷಗಳ ಹಿಂದೆಯಷ್ಟೇ ಎಂದು ತಿಳಿಯಿತು. ಆಗ ಏನು ನಡೆದಿತ್ತು? ಊರುಗಳು ಪಟ್ಟಣಗಳಾಗುತ್ತಿದ್ದವು. ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ವರ್ಜಿಸುವ ಬೆನೆಡಿಕ್ಟನ ಮಠನಿಯಮದ ಪ್ರಭಾವ ವ್ಯಾಪಕವಾಗಿತ್ತು. ಎರಡು ಕಾಲಿನ ಕೋಳಿ, ಅದರ ಮೊಟ್ಟೆ ಆ ನಿಷೇಧದೊಳಗೆ ಬರುತ್ತಿರಲಿಲ್ಲ. ಮಠಗಳಲ್ಲೂ ಪಟ್ಟಣಗಳ ಹಿತ್ತಲುಗಳಲ್ಲೂ ಬೇಡಿಕೆ ಏರಿದಾಗ, ಇಕ್ಕಟ್ಟಿನ ಜಾಗದಲ್ಲಿ ಜಗಳವಾಡದೆ ಬೇಗನೆ ಮೊಟ್ಟೆಗೆ ಬರುವ ಹೇಂಟೆಗಳನ್ನೇ ಜನ ಉಳಿಸಿಕೊಂಡಿರಬೇಕು. ಇದು ಸಂಶೋಧಕರ ಅನುಮಾನ, ಪೂರ್ಣ ಸಿದ್ಧವಾದ ಮಾತಲ್ಲ. ಆದರೂ ಮನುಷ್ಯನ ಊಟದ ಕಟ್ಟುಪಾಡೊಂದು ಹಕ್ಕಿಯ ರಕ್ತದಲ್ಲಿ ಗುರುತು ಬಿಟ್ಟಿರಬಹುದು ಎಂಬುದು ಯೋಚಿಸುವಂಥ ವಿಷಯ.

ದೀಪ ಬಂತು

ಹಿಡಿತ ಸಡಿಲವಾಯಿತೇ ಹೊರತು ಕಳಚಿಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಚಳಿಗಾಲವೆಂದರೆ ಮೊಟ್ಟೆಯ ಬರಗಾಲ. ಗೃಹಿಣಿಯರು ವಸಂತದಲ್ಲಿ ಸಿಕ್ಕ ಮೊಟ್ಟೆಗಳನ್ನು ಸುಣ್ಣದ ತಿಳಿನೀರಿನಲ್ಲೋ ಸೋಡಿಯಂ ಸಿಲಿಕೇಟ್ ದ್ರಾವಣದಲ್ಲೋ ಮುಳುಗಿಸಿ ಚಳಿಗಾಲಕ್ಕೆ ಕಾದಿಡುತ್ತಿದ್ದರು. ನಮ್ಮಲ್ಲಿ ಬೇಸಿಗೆಯಲ್ಲಿ ಮಳೆಗಾಲಕ್ಕೆಂದು ಹಪ್ಪಳ ಸಂಡಿಗೆ ಮಾಡಿಟ್ಟಂತೆ ಇದೂ ಒಂದು ಮನೆವಾರ್ತೆ.

1879ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಎಡಿಸನ್ ಬಾಳಿಕೆ ಬರುವ ವಿದ್ಯುದ್ದೀಪವನ್ನು ರೂಪಿಸಿದ. ಕ್ಯಾಲಿಫೋರ್ನಿಯದ ಪೆಟಲೂಮ ಎಂಬ ಊರಿನಲ್ಲಿ ಲೈಮನ್ ಬೈಸ್ ಮತ್ತು ಐಸಾಕ್ ಡಯಾಸ್ ಮೊಟ್ಟೆ ಮರಿಮಾಡುವ ಕಾವುಪೆಟ್ಟಿಗೆಯನ್ನು ತಯಾರಿಸಿದರು. ಪೆಟ್ಟಿಗೆಯಿಂದಾಗಿ ಹೇಂಟೆ ಕಾವಿಗೆ ಕೂರುವ ಅಗತ್ಯ ತಪ್ಪಿತು. ದೀಪದಿಂದಾಗಿ ಚಳಿಗಾಲದ ಬಿಡುವೂ ತಪ್ಪುವುದರಲ್ಲಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕೋಳಿಮನೆಗಳಲ್ಲಿ ದೀಪ ಉರಿಸುವ ಪ್ರಯೋಗಗಳು ನಡೆದವು. ಕಾರ್ನೆಲ್ ವಿಶ್ವವಿದ್ಯಾಲಯದ ಕೋಳಿಸಾಕಣೆ ವಿಭಾಗದ ಜೇಮ್ಸ್ ರೈಸ್ ಇದನ್ನು ರೈತರಲ್ಲಿ ಪ್ರಚಾರ ಮಾಡಿದವರಲ್ಲೊಬ್ಬರು. ವಿದ್ಯುತ್ ಇಲ್ಲದ ಕಡೆ ಲಾಂದ್ರ ತೂಗುಹಾಕಿದವರೂ ಇದ್ದರು. ಬೆಳಕಿದ್ದರೆ ಕೋಳಿ ಹೆಚ್ಚು ಹೊತ್ತು ಮೇಯುತ್ತದೆ, ಆದ್ದರಿಂದ ಹೆಚ್ಚು ಇಡುತ್ತದೆ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ.

ಅದು ಅಷ್ಟು ಸರಳವಲ್ಲವೆಂದು ತೋರಿಸಿದವರು ಕೋಳಿಯ ತಂಟೆಗೇ ಹೋಗದ ವಿಜ್ಞಾನಿಗಳು. ಕೆನಡದ ಆಲ್ಬರ್ಟ ವಿಶ್ವವಿದ್ಯಾಲಯದ ವಿಲಿಯಂ ರೋವನ್ 1924ರ ಶರತ್ಕಾಲದಲ್ಲಿ ಜುಂಕೊ ಎಂಬ ಪುಟ್ಟ ವಲಸೆ ಹಕ್ಕಿಗಳನ್ನು ಬಯಲಿನ ಪಂಜರಗಳಲ್ಲಿಟ್ಟು, ವಿದ್ಯುದ್ದೀಪದಿಂದ ಅವುಗಳ ಹಗಲನ್ನು ದಿನದಿನವೂ ಸ್ವಲ್ಪ ಸ್ವಲ್ಪ ಹಿಗ್ಗಿಸಿದ. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಬಹಳ ಕೆಳಗಿನ ಚಳಿಯಲ್ಲಿಯೂ ಆ ಹಕ್ಕಿಗಳ ಸಂತಾನಗ್ರಂಥಿಗಳು ವಸಂತ ಬಂದಂತೆ ಬೆಳೆದವು. 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಬಾತುಕೋಳಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೂ ವಿಚಿತ್ರವಾದದ್ದು. ಕಣ್ಣಿಲ್ಲದ ಬಾತುಗಳೂ ಬೆಳಕಿಗೆ ಸ್ಪಂದಿಸಿದವು! ಬೆಳಕು ತಲೆಬುರುಡೆಯನ್ನೇ ತೂರಿ ಮಿದುಳಿನ ಆಳವನ್ನು ಮುಟ್ಟುತ್ತದೆ. ಮುಂದೆ ಅಮೆರಿಕದ ಮೈಕೆಲ್ ಮೆನಕರ್ ಗುಬ್ಬಚ್ಚಿಗಳ ನೆತ್ತಿಯ ಚರ್ಮದಡಿಗೆ ಕಪ್ಪು ಶಾಯಿ ಸೇರಿಸಿದಾಗ ಈ ಸ್ಪಂದನ ಕುಗ್ಗಿತು. ನೆತ್ತಿಯ ಗರಿ ಕಿತ್ತಾಗ ಹೆಚ್ಚಿತು. ಹೀಗೆ ಮಿದುಳು ತಲುಪಿದ ಬೆಳಕು ಹಾರ್ಮೋನುಗಳ ಸರಪಳಿಯನ್ನು ಚಾಲೂ ಮಾಡುತ್ತದೆ, ಕೊನೆಗೆ ಅಂಡಾಶಯ ಎಚ್ಚರಗೊಳ್ಳುತ್ತದೆ. ಮೊಟ್ಟೆಯ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕೆಂಬ ಇಂದಿನ ಫಾರಂಗಳ ರೂಢಿಗೆ ಇದೇ ಆಧಾರ. ಹಗಲು ಅಷ್ಟು ಉದ್ದವಿಲ್ಲದ ಕರ್ನಾಟಕದ ಫಾರಂಗಳಲ್ಲಿಯೂ ಬೆಳಗಿನ ಜಾವ, ಮುಸ್ಸಂಜೆ ದೀಪ ಉರಿಯುವುದು ಇದಕ್ಕಾಗಿಯೇ.

ಕತ್ತಲೆಯ ಪಾಲು

ಮೊಟ್ಟೆಯ ಬರಗಾಲ ಮುಗಿಯಿತು. ಬಡವರ ತಟ್ಟೆಗೂ ಅಗ್ಗದ ಪೌಷ್ಟಿಕ ಆಹಾರ ಬಂತು. ಇದನ್ನು ಸಣ್ಣ ಸಾಧನೆ ಎನ್ನಲಾಗದು. ಆದರೆ ಅದರ ಬೆಲೆಯನ್ನು ತೆತ್ತದ್ದು ಯಾರು? ಚಳಿಗಾಲದ ಬಿಡುವಿನಲ್ಲಿ ಹೇಂಟೆ ಸುಮ್ಮನೆ ಕೂತಿರುತ್ತಿರಲಿಲ್ಲ. ಹಳೆಯ ಗರಿ ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತಿತ್ತು. ಚಿಪ್ಪಿಗೆಂದು ಮೂಳೆಯಿಂದ ಹೋದ ಸುಣ್ಣದ ಅಂಶವನ್ನು ತುಂಬಿಕೊಳ್ಳಲೂ ಅದಕ್ಕೆ ಅವಕಾಶವಿತ್ತು. ವರ್ಷವಿಡೀ ಇಡುವ ಹೇಂಟೆಗಳಲ್ಲಿ ಮೂಳೆ ಸವೆದು ಮುರಿಯುವುದು ಇಂದು ಪಶುವೈದ್ಯರಿಗೆ ಚಿರಪರಿಚಿತ ತೊಂದರೆ. ಐರೋಪ್ಯ ಒಕ್ಕೂಟ 1999ರಲ್ಲಿ ಮೊಟ್ಟೆಕೋಳಿಗಳಿಗಾಗಿ ರೂಪಿಸಿದ ನಿಯಮಾವಳಿಯಲ್ಲಿ, ದಿನದ ಸುಮಾರು ಮೂರರಲ್ಲೊಂದು ಭಾಗ ಎಡೆಬಿಡದ ಕತ್ತಲೆ ಇರಬೇಕೆಂದು ಹೇಳಲಾಗಿದೆ. ಸೂರ್ಯ ಪುಕ್ಕಟೆಯಾಗಿ ಕೊಡುತ್ತಿದ್ದ ಕತ್ತಲೆಯನ್ನು ಕಾನೂನಿನಲ್ಲಿ ಬರೆದುಕೊಡಬೇಕಾಯಿತು.

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವವರಿಗೆ ಈ ಇತಿಹಾಸದಿಂದ ಒಂದು ಪ್ರಯೋಜನವಿದೆ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿರುವ ಕನ್ನಡಿಗರ ಮನೆಯ ಕೋಳಿಗಳು ನವೆಂಬರಿನಲ್ಲಿ ಮೊಟ್ಟೆ ನಿಲ್ಲಿಸಿದರೆ ಗಾಬರಿಯಾಗಬೇಕಿಲ್ಲ. ಬೇರೆ ಲಕ್ಷಣಗಳಿಲ್ಲದಿದ್ದರೆ ಅದು ರೋಗವಲ್ಲ. ಮೊದಲ ವರ್ಷದ ಹರೆಯದ ಹೇಂಟೆಗಳು ಎಷ್ಟೋ ವೇಳೆ ಚಳಿಗಾಲದಲ್ಲೂ ಇಡುತ್ತವೆ, ಬಿಡುವು ಕೇಳುವುದು ಮರುವರ್ಷದಿಂದ. ದೀಪ ಹಾಕಲೇಬೇಕೆಂದಿದ್ದರೆ ಮುಂಜಾನೆ ಹಾಕುವುದು ಲೇಸು. ಸಂಜೆ ದೀಪ ಥಟ್ಟನೆ ಆರಿದರೆ ಕೋಳಿಗಳು ಕೂರುವ ಗಳುವನ್ನು ಹುಡುಕಲಾರದೆ ತಡವರಿಸುತ್ತವೆ. ಹಾಕದೆ ಬಿಟ್ಟರೂ ನಷ್ಟ ಒಂದೆರಡು ತಿಂಗಳಿನದು. ಡಿಸೆಂಬರ್ 21ರ ಆಸುಪಾಸು ಕಳೆದರೆ ಹಗಲು ಮತ್ತೆ ಹಿಗ್ಗತೊಡಗುತ್ತದೆ. ಕೊಲುಮೆಲ್ಲ ಕಂಡಂತೆ, ಕೋಳಿಗೆ ಅದು ತಾನಾಗಿಯೇ ತಿಳಿಯುತ್ತದೆ.